ಕೆಂಪೈತೆ, ಹೊರಡಿ

ಇದನ್ನು ಬರೆಯುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಒಂದು ಸಲ ಕರೆಂಟು ಹೋಯಿತೆಂದು ಪೆನ್ನು ಕೆಳಗಿಟ್ಟೆ. ಇನ್ನೊಂದು ಸಲ, ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆದರಾಯಿತು ಅಂದುಕೊಂಡೆ. ಪೊರೆ ತೆಗೆಸಿದ್ದೂ ಆಯಿತು, ಡಾಕ್ಟರು ಕೊಟ್ಟ ಕಪ್ಪು ಕನ್ನಡಕ ಬಸ್ಸಿನಲ್ಲಿ ಕಳೆದದ್ದೂ ಆಯಿತು, ಬರೆದದ್ದು ಮಾತ್ರ ಇಲ್ಲ. ಹೋದ ವಾರ ಹಳೆಯ ಅಂಗಡಿಯ ಸಾಮಾನು ತುಂಬಿಟ್ಟ ಟ್ರಂಕನ್ನು ತೆರೆದಾಗ ತಳದಲ್ಲಿ, ಕಾಗದದಲ್ಲಿ ಸುತ್ತಿದ ಒಂದು ಕೆಂಪು ಗಾಜು ಸಿಕ್ಕಿತು. ಗಾಜು ಎಂದರೆ ಗಾಜಲ್ಲ, ಪ್ಲಾಸ್ಟಿಕ್ಕು; ಬೈಕಿನ ಹಿಂದಿನ ದೀಪದ ಮುಚ್ಚಳ. ನಮ್ಮಲ್ಲಿ ಅದನ್ನೂ ಗಾಜು ಎಂದೇ ಕರೆಯುವುದು. ಪಂಚೆಯ ತುದಿಯಲ್ಲಿ ಒರೆಸಿ ಕಿಟಕಿಗೆ ಹಿಡಿದು ನೋಡಿದೆ. ಎದುರುಮನೆಯ ಗೋಡೆ, ತೆಂಗಿನ ಮರ, ತಂತಿಯ ಮೇಲಿನ ಕಾಗೆ ಎಲ್ಲವೂ ಕೆಂಪಾದವು. ಇನ್ನು ತಡ ಮಾಡುವುದು ಬೇಡ ಅನ್ನಿಸಿತು.

ಚನ್ನಪಟ್ಟಣದಲ್ಲಿ, ಮೈಸೂರು ರಸ್ತೆಯ ಬೊಂಬೆ ಅಂಗಡಿಗಳ ಸಾಲು ಮುಗಿಯುವ ಕಡೆ, ನನ್ನದೊಂದು ಪುಟ್ಟ ಅಂಗಡಿಯಿತ್ತು. ಬೈಕು, ಸ್ಕೂಟರುಗಳ ಬಲ್ಬು, ಇಂಡಿಕೇಟರು, ಹಾರನ್ನು, ವೈರು. ಎಸ್ಸೆಸ್ಸೆಲ್ಸಿ ಪಾಸಾಗಿ, ಮುಂದೆ ಓದುವ ಅನುಕೂಲವಿಲ್ಲದೆ ಹಾಕಿಕೊಂಡ ಅಂಗಡಿ ಅದು. ಬೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲಿಸಿ ಇಳಿಯುವವರೆಲ್ಲ ನಗುನಗುತ್ತ ಇಳಿಯುತ್ತಿದ್ದರು. ನನ್ನಲ್ಲಿಗೆ ಬರುವವರು ಗಾಡಿಯನ್ನು ತಳ್ಳಿಕೊಂಡು, ಮುಖ ಗಂಟು ಹಾಕಿಕೊಂಡು ಬರುತ್ತಿದ್ದರು. ಬಲ್ಬು ಸುಟ್ಟದ್ದಕ್ಕೆ ನಾನೇ ಕಾರಣ ಎನ್ನುವ ಹಾಗೆ ಚೌಕಾಸಿ ಬೇರೆ. ಬಣ್ಣದ ಕುದುರೆ ಮಾರುವ ಪಕ್ಕದವನನ್ನು ನೋಡಿ ನಾನು ಹೊಟ್ಟೆ ಉರಿಸಿಕೊಳ್ಳದ ದಿನವಿಲ್ಲ.

ನೋಡಿ, ಆ ಮಾತು ಆಗಲೇ ಬಂದುಬಿಟ್ಟಿತು. ಹೇಳುವುದು ರಾತ್ರಿ ಹೊತ್ತು ಬೈಕು ಓಡಿಸುವ ಬಗ್ಗೆ. ಆದರೆ ನನ್ನ ಕಥೆಯಲ್ಲಿ ಯಾವ ದಾರಿ ಹಿಡಿದು ಹೊರಟರೂ ಹೊಟ್ಟೆಕಿಚ್ಚಿನ ಊರು ದಾಟಿಯೇ ಹೋಗಬೇಕು.

ಈ ಗುಣ ಚಿಕ್ಕಂದಿನಿಂದ ಬಂದದ್ದು. ನಮ್ಮಪ್ಪನಿಗೆ ಎತ್ತಿನ ಗಾಡಿಯಿತ್ತು. ಕತ್ತಲಾದ ಮೇಲೆ ಗಾಡಿಯ ಅಡಿಗೆ, ಅಚ್ಚಿನ ಹತ್ತಿರ, ಒಂದು ಲಾಟೀನು ನೇತುಹಾಕುತ್ತಿದ್ದ. ನಾನು ಹುಲ್ಲಿನ ಮೇಲೆ ಬೋರಲು ಮಲಗಿ ಹಲಗೆಯ ಸಂದಿನಿಂದ ಕೆಳಗೆ ನೋಡುತ್ತಿದ್ದೆ. ಎತ್ತಿನ ಕಾಲಿನ ನೆರಳು ರಸ್ತೆಯ ಪಕ್ಕದ ಬೇಲಿಯ ಮೇಲೆ ಆನೆಯ ಕಾಲಿನಷ್ಟು ದೊಡ್ಡದಾಗಿ ನಡೆಯುತ್ತಿತ್ತು. "ನಮ್ಗೆ ದಾರಿ ಎತ್ತಿಗೆ ಗೊತ್ತು ಕಣ್ಲಾ. ಈ ದೀಪ ಹಿಂದ್ಲಿಂದ ಬರೋನ್ಗೆ" ಎಂದು ಅಪ್ಪ ಹೇಳುತ್ತಿದ್ದ. ಆ ಮಾತನ್ನು ಆಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಕಣ್ಣೆಲ್ಲ ಹೈಸ್ಕೂಲಿನ ಒಬ್ಬ ಸಹಪಾಠಿಯ ಸೈಕಲ್ಲಿನ ಮೇಲಿತ್ತು. ಅದಕ್ಕೆ ಡೈನಮೋ ಇತ್ತು. ತುಳಿದಷ್ಟೂ ಬೆಳಕು. ಅವನು ಸಂಜೆ ನಮ್ಮ ಬೀದಿಯಲ್ಲಿ ಹಾದುಹೋದರೆ ನಾನು ಜಗಲಿಯ ಮೇಲೆ ಕೂತು ಅವನ ಬಲ್ಬು ಸುಟ್ಟುಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ದೊಡ್ಡವನಾಗಿ ನಾನು ಬಲ್ಬಿನ ವ್ಯಾಪಾರಕ್ಕೆ ಇಳಿದದ್ದನ್ನು ನೋಡಿದರೆ, ದೇವರು ನನ್ನ ಬೇಡಿಕೆಯನ್ನು ತನ್ನದೇ ರೀತಿಯಲ್ಲಿ ನಡೆಸಿಕೊಟ್ಟ ಅನ್ನಿಸುತ್ತದೆ.

ಅಂಗಡಿಗೆ ಬಂದವರಿಗೆಲ್ಲ ನಾನು ಬಲ್ಬಿನ ಜೊತೆ ಬುದ್ಧಿಮಾತನ್ನೂ ಕೊಡುತ್ತಿದ್ದೆ. ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆದರೆ ಅದನ್ನು ದಿಟ್ಟಿಸಬಾರದು, ರಸ್ತೆಯ ಎಡ ಅಂಚನ್ನು ನೋಡಿಕೊಂಡು ನಿಧಾನಿಸಬೇಕು. ನಮ್ಮ ದೀಪ ಎಷ್ಟು ದೂರ ತೋರಿಸುತ್ತದೋ ಅಷ್ಟರೊಳಗೆ ಗಾಡಿ ನಿಲ್ಲುವಂತಿರಬೇಕು. ಎದುರಿನವನು ಡಿಮ್ ಮಾಡದಿದ್ದರೂ ನಾವು ಮಾಡಬೇಕು. ಕಪ್ಪು ಕಂಬಳಿ ಹೊದ್ದು ಹೋಗಬಾರದು. ಸುಗ್ಗಿಯಲ್ಲಂತೂ ಮೈಯೆಲ್ಲ ಕಣ್ಣಾಗಿರಬೇಕು, ಏಕೆಂದರೆ ನಮ್ಮ ಕಡೆ ಹುರುಳಿ, ರಾಗಿಯನ್ನು ಟಾರು ರಸ್ತೆಯ ಮೇಲೇ ಹರಡಿ, ಓಡಾಡುವ ಗಾಡಿಗಳಿಂದಲೇ ಒಕ್ಕಣೆ ಮಾಡಿಸಿಕೊಂಡು, ಸಂಜೆ ಹುಲ್ಲನ್ನು ಮಾತ್ರ ಬಳಿದು ಸುತ್ತ ಇಟ್ಟ ಕಲ್ಲುಗಳನ್ನು ಹಾಗೇ ಬಿಟ್ಟು ಹೋಗುತ್ತಾರೆ. ಕನಕಪುರದಿಂದಾಚೆ, ಉಯ್ಯಂಬಳ್ಳಿ ಕಡೆ ಹೋಗುವವರಿಗೆ ಆನೆಯ ವಿಷಯವೂ ಸೇರುತ್ತಿತ್ತು. ಕೇಳುವವರು ತಲೆಯಾಡಿಸಿ, ಚಿಲ್ಲರೆ ಎಣಿಸಿಕೊಂಡು, ಕಿಕ್ ಹೊಡೆದು ಹೋಗುತ್ತಿದ್ದರು. ಒಬ್ಬನಂತೂ "ಬಲ್ಬು ಕೊಡಿ ಅಂದ್ರೆ ಪುರಾಣ ಕೊಡ್ತೀರಲ್ಲ ಸ್ವಾಮಿ" ಎಂದಿದ್ದ.

ಹೇಳಿದಂತೆ ನಡೆಯುವವನೂ ನಾನೇ. ಕತ್ತಲಲ್ಲಿ ನನ್ನ ಬೈಕು ಹೋಗುತ್ತಿದ್ದರೆ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲುಗಳೂ ಬೆಲ್ಲು ಹೊಡೆದು ದಾಟಿಕೊಂಡು ಹೋಗುತ್ತಿದ್ದವು. ಹಿಂದೆ ಕೂತ ನನ್ನ ಹೆಂಡತಿ "ರೀ, ನಿಂತೈತಾ, ಹೋಯ್ತಾ ಐತಾ?" ಎಂದು ಕೇಳುತ್ತಿದ್ದಳು.

ಇನ್ನು ಅವನ ವಿಷಯಕ್ಕೆ ಬರಬೇಕು. ಅವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಹೆಸರನ್ನು ಈಗಲೇ ಬರೆಯಲು ಹೋದರೆ ಕೈ ನಿಂತುಬಿಡುತ್ತದೆ. ಆಮೇಲೆ ಹೇಳುತ್ತೇನೆ.

ನಮ್ಮ ಮಾವನ ಊರು ಉಯ್ಯಂಬಳ್ಳಿಯಿಂದ ಇನ್ನಷ್ಟು ಒಳಗೆ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಮನೆ, ಇಬ್ಬರು ಹೆಣ್ಣುಮಕ್ಕಳು. ಗಂಡು ಸಂತಾನವಿಲ್ಲ. ದೊಡ್ಡ ಅಳಿಯ ನಾನು. ಮನೆ ಅಳಿಯನಾಗಿ ಬರುತ್ತೀಯಾ ಎಂದು ಮಾವ ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ನಾನು ಅಂಗಡಿ ಬಿಟ್ಟು ಹೋಗುತ್ತಿರಲಿಲ್ಲ. ಆದರೆ ಕೇಳಬೇಕಿತ್ತು, ನಾನು ಒಲ್ಲೆ ಅನ್ನಬೇಕಿತ್ತು, ಅವರು ಬೇಜಾರು ಮಾಡಿಕೊಳ್ಳಬೇಕಿತ್ತು. ಅದೊಂದೂ ಆಗಲಿಲ್ಲ. ಎರಡನೆಯ ಮಗಳಿಗೆ ಗಂಡು ನೋಡಿದರು, ಅವನನ್ನೇ ಮನೆಗೆ ತಂದಿಟ್ಟುಕೊಂಡರು, ತೋಟ ಅವನ ಕೈಗೆ ಬಂತು. ನಾನು ಹಬ್ಬಕ್ಕೆ ಹೋಗುವ ಅಳಿಯ, ಅವನು ದಿನಾ ಇರುವ ಅಳಿಯ. ಹಬ್ಬದ ಅಳಿಯನಿಗೆ ಹೋಳಿಗೆ ಸಿಗುತ್ತದೆ. ದಿನದ ಅಳಿಯನಿಗೆ ಸಿಗುವುದೇ ಬೇರೆ. ನಮ್ಮತ್ತೆ ಅವನನ್ನು ಬೈಯುತ್ತಿದ್ದರು. ನನ್ನನ್ನು ಒಂದು ದಿನವೂ ಬೈದವರಲ್ಲ. ಆ ಬೈಗುಳಕ್ಕೂ ನಾನು ಹೊಟ್ಟೆ ಉರಿಸಿಕೊಂಡಿದ್ದೇನೆ.

ಅವನ ದೊಡ್ಡ ಹೆಸರು ರಾತ್ರಿ ಗಾಡಿ ಓಡಿಸುವುದರಲ್ಲಿ. ರೇಷ್ಮೆ ಗೂಡು ಬಿಡಿಸಿದ ದಿನ ಬಿಸಿಲಲ್ಲಿ ಸಾಗಿಸುವಂತಿಲ್ಲ, ಗೂಡು ಒಣಗಿ ತೂಕ ಇಳಿಯುತ್ತದೆ. ಹೊತ್ತು ಮುಳುಗಿದ ಮೇಲೆ ಗಂಟು ಕಟ್ಟಿ, ಬೈಕಿಗೆ ಹೇರಿ, ಕನಕಪುರದ ಮೇಲೆ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗಿ, ಅಲ್ಲೇ ಗಂಟಿಗೆ ಒರಗಿ ಮಲಗಿ, ಬೆಳಿಗ್ಗೆ ಹರಾಜು ಮುಗಿಸಿಕೊಂಡು ಬರಬೇಕು. ಅವನು ಮದುವೆಗೆ ಹೋಗುವಂತೆ ತಲೆ ಬಾಚಿಕೊಂಡು ಹೊರಡುತ್ತಿದ್ದ. ಯಾವ ತಿರುವಿನಲ್ಲಿ ಕಲ್ಲಿದೆ, ಯಾವ ರಸ್ತೆಯುಬ್ಬಿಗೆ ಬಣ್ಣ ಬಳಿದಿಲ್ಲ, ಯಾವ ಊರಿನ ನಾಯಿ ಅಟ್ಟಿಸಿಕೊಂಡು ಬರುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಒಮ್ಮೆ ರಸ್ತೆಗೆ ಅಡ್ಡ ನಿಂತ ಆನೆಯನ್ನು ಕಂಡು, ಇಂಜಿನ್ ಆರಿಸಿ, ದೀಪ ಆರಿಸಿ, ಅದು ಹೋಗುವ ತನಕ ಕತ್ತಲಲ್ಲಿ ಕದಲದೆ ಕೂತಿದ್ದನಂತೆ. ಊರಿನವರು ಕಣ್ಣರಳಿಸಿ ಕೇಳುತ್ತಿದ್ದರೆ ನಾನು "ದೀಪ ಆರಿಸಬಾರದಿತ್ತು" ಎಂದೆ. ಯಾರೂ ನನ್ನ ಕಡೆ ತಿರುಗಲಿಲ್ಲ.

ಒಂದು ಸಂಜೆ ಮಾವನಿಗೆ ಎದೆನೋವೆಂದು ಫೋನು ಬಂತು. ಆಗ ಅವನು ಯಾವುದೋ ಕೆಲಸಕ್ಕೆ ಚನ್ನಪಟ್ಟಣಕ್ಕೇ ಬಂದಿದ್ದ. ನಾನು ನನ್ನ ಬೈಕನ್ನು ಹೊರಗೆ ತಂದು ಗಾಜು ಒರೆಸುತ್ತಿದ್ದೆ. ನನ್ನ ಹೆಂಡತಿ ಸೆರಗು ಬಿಗಿದುಕೊಂಡು ಬಂದು ಅವನ ಗಾಡಿ ಹತ್ತಿ ಕೂತಳು.

"ಯಾಕೆ, ನನ್ ಗಾಡಿ ಇಲ್ವಾ?" ಎಂದೆ.

"ನಿಮ್ ಹಿಂದೆ ಕುಂತ್ರೆ ನಂಗೆ ನಿದ್ದೆ ಬತ್ತದೆ ಕಣ್ರೀ. ಬಿದ್ದೋಗ್ತೀನಿ. ನೀವು ನಿಧಾನವಾಗಿ ಬನ್ನಿ" ಎಂದಳು.

ಅವಳಪ್ಪನಿಗೆ ಎದೆನೋವು, ಅವಳಿಗೆ ಅವಸರ, ನ್ಯಾಯವಾದ ಮಾತು. ನಾನು ಊರು ಮುಟ್ಟುವ ಹೊತ್ತಿಗೆ ಮಾವ ಎದ್ದು ಕೂತು ಗಂಜಿ ಕುಡಿಯುತ್ತಿದ್ದರು. ಗ್ಯಾಸ್ಟ್ರಿಕ್ಕಂತೆ. ಆದರೆ ಆ ದಾರಿಯುದ್ದಕ್ಕೂ ನಾನು ರಸ್ತೆಯ ಎಡ ಅಂಚನ್ನು ನೋಡಲಿಲ್ಲ. ಆಗಲೇ ಮುಂದೆ ಹೋಗಿ ಮರೆಯಾದ ಅವನ ಹಿಂದಿನ ದೀಪವೇ ನನ್ನ ಕಣ್ಣಿನಲ್ಲಿತ್ತು.

ಇಷ್ಟು ಹೇಳಿದ ಮೇಲೆ ಆ ಸಂಜೆಯನ್ನು ಹೇಳದೆ ಇರುವಂತಿಲ್ಲ.

ಅವತ್ತು ಒಳ್ಳೆಯ ಗೂಡು ಬಿದ್ದಿತ್ತು. ನನ್ನ ಹೆಂಡತಿ ತಾಯಿಗೆ ಸಹಾಯ ಮಾಡಲು ಬಂದಿದ್ದಳು, ಅವಳ ಜೊತೆ ನಾನೂ. ಅಂಗಳದ ತುಂಬ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು, ಅವುಗಳಿಂದ ಗೂಡು ಬಿಡಿಸುವ ಹೆಂಗಸರು, ಮಾತು, ನಗು. ನಮ್ಮತ್ತೆ ತಮ್ಮ ಹಳೆಯ ಸೀರೆಗಳನ್ನು ಹೊಲಿದು ಮಾಡಿದ್ದ ದೊಡ್ಡ ದೊಡ್ಡ ಚೀಲಗಳಿಗೆ ಗೂಡು ತುಂಬುತ್ತಿದ್ದರು. ಗೋಣಿಯಲ್ಲಿ ಗಾಳಿಯಾಡುವುದಿಲ್ಲ, ಸೀರೆಯಲ್ಲಿ ಆಡುತ್ತದೆ ಎಂದು ಅವರ ಲೆಕ್ಕ. ಗೂಡಿನ ಗಂಟು ಹತ್ತಿಯ ಹಾಗೆ, ತೂಕ ಕಡಿಮೆ, ಗಾತ್ರ ಹೆಚ್ಚು. ಬೈಕಿನ ಹಿಂದೆ ಕಟ್ಟಿದರೆ ಸೀಟಿನಿಂದ ಆಚೆಗೂ ಈಚೆಗೂ ಉಬ್ಬಿ ನಿಲ್ಲುತ್ತದೆ. ಮಾವ ಮತ್ತು ನಾದಿನಿ ಸೇರಿ ಗಂಟನ್ನು ಹೇರಿ ಹಗ್ಗ ಬಿಗಿದರು. ಅವನು ಒಳಗೆ ತಲೆ ಬಾಚಿಕೊಳ್ಳುತ್ತಿದ್ದ.

ಅವನು ಹೊರಗೆ ಬಂದಾಗ ನಾನು ನನ್ನ ಪುರಾಣ ಶುರುಮಾಡಿದೆ. "ಮೋಡ ಆಗೈತೆ. ಈ ಕತ್ಲಲ್ಲಿ ಯಾಕೆ? ಬೆಳಗಿನ ಜಾವ ಹೊರಟ್ರೆ ಆಗಲ್ವಾ? ನಿಧಾನವಾಗಿ ಹೋದ್ರೂ ಹರಾಜಿನ ಹೊತ್ಗೆ ಸೇರ್ಕೋಬೌದು."

ಅವನು ನಕ್ಕ. ಕೆಟ್ಟ ನಗುವಲ್ಲ, ಅವನಿಗೆ ಕೆಟ್ಟ ನಗು ಬರುತ್ತಲೇ ಇರಲಿಲ್ಲ. "ಅಣ್ಣ, ನಿಮ್ ಸ್ಪೀಡಲ್ಲಿ ಹೋದ್ರೆ ದಾರೀಲೇ ಗೂಡು ಒಡ್ಕಂಡು ಚಿಟ್ಟೆ ಈಚೆಗೆ ಬಂದ್ಬುಡ್ತವೆ" ಎಂದ.

ಅಂಗಳವೆಲ್ಲ ನಕ್ಕಿತು. ಗೂಡು ಬಿಡಿಸುತ್ತಿದ್ದ ಹೆಂಗಸರು, ನಾದಿನಿ, ಎದೆನೋವಿನ ಮಾವ, ಎಲ್ಲರೂ. ಒಬ್ಬ ಮುದುಕಿಯಂತೂ "ರಾಮ್‌ನಗ್ರುಕ್ಕೆ ಚಿಟ್ಟೆನೇ ಮಾರಕ್ಕೆ ಹೋಗ್ಬೇಕಾಯ್ತದೆ" ಎಂದು ಇನ್ನೊಂದು ಸೇರಿಸಿದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ. ಅವಳ ಕಣ್ಣಲ್ಲಿ ನೀರು ಬಂದಿತ್ತು, ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ನಾನೂ ನಕ್ಕೆ. ನಗುವಾಗ ಬೈಕಿನ ಹಿಂದುಗಡೆಗೆ ಸರಿದು ನಿಂತೆ, ಅಲ್ಲಿ ಬೆಳಕು ಕಡಿಮೆಯಿತ್ತು, ನನ್ನ ಮುಖ ಕಾಣುವುದಿಲ್ಲವೆಂದು.

ಅವನು ಕಿಕ್ ಹೊಡೆದು ದೀಪ ಹಾಕಿದ. ಮುಂದೆ ಅಂಗಳದ ಗೋಡೆಯೆಲ್ಲ ಬೆಳಗಿತು. ಹಿಂದೆ ಏನೂ ಇಲ್ಲ. ಗಂಟು ಸೀಟಿನಿಂದ ಜಾರಿ ಕೆಳಗಿಳಿದು ಹಿಂದಿನ ದೀಪವನ್ನು ಪೂರ್ತಿ ಮುಚ್ಚಿಕೊಂಡಿತ್ತು. ಬಗ್ಗಿ ನೋಡಿದೆ. ಅತ್ತೆಯ ಹಳೆಯ ಸೀರೆಯೊಳಗೆ, ಗೂಡುಗಳ ಸಂದಿಯಲ್ಲಿ, ಚೂರೇ ಚೂರು ಕೆಂಪು ಮಂಕಾಗಿ ಕಂಡಿತು, ಅವನು ಬ್ರೇಕು ಬಿಟ್ಟಾಗ ಅದೂ ಮುಳುಗಿತು.

ಬೈಕಿನ ದೀಪ ಮಾರಿ ಅನ್ನ ತಿನ್ನುವವನು ನಾನು. ಹಿಂದಿನ ಕೆಂಪು ಕಾಣದ ಗಾಡಿ ಕತ್ತಲ ರಸ್ತೆಯಲ್ಲಿ ಏನು ಎಂದು ಬಂದವರಿಗೆಲ್ಲ ಹೇಳಿದವನು ನಾನು. ಬಾಯಿ ತೆರೆದೆ. ನಮ್ಮತ್ತೆ ಅದೇ ಹೊತ್ತಿಗೆ ಲೋಟದ ಕಾಫಿಯನ್ನು ಅವನ ಕೈಗೆ ಕೊಡುತ್ತಾ, "ಚಿಕ್ಕಳಿಯ ಹೊಂಟ ಅಂದ್ರೆ ನಂಗೊಂದ್ ಯೋಚ್ನೆ ಇಲ್ಲ ಕಣವ್ವ. ಕಣ್ ಮುಚ್ಕಂಡು ಓಡುಸ್ತಾನೆ" ಎಂದು ನನ್ನ ಹೆಂಡತಿಗೆ ಹೇಳಿದರು. ಅವಳು ಹೌದೆಂದು ತಲೆಯಾಡಿಸಿದಳು.

ನಾನು ಬಾಯಿ ಮುಚ್ಚಿದೆ. ಓಡಿಸಲಿ, ಕಣ್ಣು ಮುಚ್ಚಿಕೊಂಡೇ ಓಡಿಸಲಿ. ಅವನಿಗೆ ನನ್ನ ಮಾತೇಕೆ? ಕನಕಪುರದಲ್ಲಿ ಪೆಟ್ರೋಲ್ ಬಂಕಿನವನು ಯಾರಾದರೂ ಹೇಳುತ್ತಾನೆ, ಆಗ ಅವನೇ ನಾಚಿಕೊಂಡು ಗಂಟನ್ನು ಮೇಲೆತ್ತಿ ಕಟ್ಟುತ್ತಾನೆ. ಹೀಗೆಲ್ಲ ಆ ಒಂದು ಗಳಿಗೆಯಲ್ಲಿ ಯೋಚಿಸಿದೆ. ಅವನು ಕಾಫಿ ಮುಗಿಸಿ ಲೋಟ ಕೊಟ್ಟ. ನಾನು ಹೇಳಿದ್ದು ಒಂದೇ ಮಾತು, "ಹುಷಾರು." ಅದನ್ನೂ ಎಲ್ಲರಿಗೂ ಕೇಳುವಂತೆ ಹೇಳಿದೆ.

ರಾಮನಗರ ಇನ್ನೂ ದೂರವಿರುವಾಗ ಹಿಂದಿನಿಂದ ಬಂದ ಗೂಡ್ಸ್ ಟೆಂಪೋ ಅವನಿಗೆ ಗುದ್ದಿತು. ಜೀವ ಉಳಿಯಿತು. ಬಲಗಾಲು ತೊಡೆಯ ಹತ್ತಿರ ಎರಡು ಕಡೆ ಮುರಿಯಿತು. ಸುದ್ದಿ ಬಂದಾಗ ನಾನು ಎಚ್ಚರವಾಗಿದ್ದೆ, ಅವನು ಹೊರಟಾಗಿನಿಂದ ಎಚ್ಚರವಾಗಿಯೇ ಇದ್ದೆ. ಫೋನು ಎತ್ತಿದವನೂ ನಾನೇ. ರಸ್ತೆಯ ತುಂಬ ಗೂಡು ಚೆಲ್ಲಿ, ಬೆಳಿಗ್ಗೆ ನೋಡಿದವರು ಆಲಿಕಲ್ಲು ಬಿದ್ದಿದೆಯೇನೋ ಅಂದುಕೊಂಡರಂತೆ.

ಟೆಂಪೋ ಡ್ರೈವರ್ ಓಡಿಹೋಗಿರಲಿಲ್ಲ. ಅವನೇ ಆಸ್ಪತ್ರೆಗೆ ಸೇರಿಸಿ ಹೊರಗೆ ಕೂತಿದ್ದ. "ಹಿಂದ್ಗಡೆ ಲೈಟೇ ಕಾಣ್ಲಿಲ್ಲ ಸಾಮಿ. ದೇವ್ರಾಣೆಗೂ ಕಾಣ್ಲಿಲ್ಲ" ಎಂದು ಬಂದವರಿಗೆಲ್ಲ ಕೈಮುಗಿದು ಹೇಳುತ್ತಿದ್ದ. ನಮ್ಮ ಕಡೆಯವರು ಕೇಳಬೇಕಲ್ಲ. ಕುಡಿದಿದ್ದೀಯಾ, ನಿದ್ದೆ ಹೊಡೆದಿದ್ದೀಯಾ, ಸುಳ್ಳು ಹೇಳುತ್ತೀಯಾ ಎಂದು ಮೇಲೆ ಬಿದ್ದರು. ಒಬ್ಬ ಕೆನ್ನೆಗೂ ಬಾರಿಸಿದ. ಅವನು ಹೇಳುತ್ತಿರುವುದು ನಿಜವೆಂದು ಗೊತ್ತಿದ್ದವನು ನಾನೊಬ್ಬನೇ. ನಾನು ಆಸ್ಪತ್ರೆಯ ಕ್ಯಾಂಟೀನಿಗೆ ಹೋಗಿ ಎಲ್ಲರಿಗೂ ಟೀ ತಂದೆ. ಆ ಡ್ರೈವರಿಗೂ ಒಂದು ಲೋಟ ಕೊಟ್ಟೆ. ಅವನು ನನಗೂ ಕೈಮುಗಿದ.

ಮಾತಾಡುವ ಹಾಗಾದ ಮೇಲೆ ನನ್ನ ಷಡ್ಡಕ ಮೊದಲು ಕೇಳಿದ್ದು ಆ ಡ್ರೈವರ್ ಎಲ್ಲಿ ಎಂದು. ಅವನನ್ನು ಒಳಗೆ ಕರೆಸಿಕೊಂಡ. ನಾನು ಮಂಚದ ಪಕ್ಕ ನಿಂತಿದ್ದೆ.

"ಇವ್ನು ಸುಳ್ಳು ಹೇಳ್ತಾ ಇಲ್ಲ" ಎಂದ ಅವನು ಮಾವನಿಗೆ. "ಗಂಟು ಜರ್ಗಿ ಲೈಟ್ ಮುಚ್ಕಂಡಿರ್ಬೇಕು. ನಾನೇ ಇಳ್ದು ನೋಡ್ಬೇಕಾಗಿತ್ತು. ಕೇಸು ಗೀಸು ಏನೂ ಬ್ಯಾಡಿ, ಪಾಪ, ಬುಟ್ಬುಡಿ." ಆಮೇಲೆ ನನ್ನ ಕಡೆ ತಿರುಗಿದ. "ಅಣ್ಣ, ನೀವೊಬ್ರೇ ಹುಷಾರು ಅಂದ್ರಿ. ನಾನು ನಿಮ್ಮನ್ನೇ ಆಡ್ಕಂಡು ನಕ್ಕೆ. ಅದ್ಕೇ ಹಿಂಗಾಯ್ತು. ಬೇಜಾರು ಮಾಡ್ಕಬ್ಯಾಡಿ."

ಅವನು ನನ್ನ ಕ್ಷಮೆ ಕೇಳಿದ. ನಾನು "ಇರ್ಲಿ ಬಿಡು" ಎಂದೆ. ಇದಕ್ಕಿಂತ ಕೆಟ್ಟ ಎರಡು ಮಾತನ್ನು ನಾನು ಜೀವನದಲ್ಲಿ ಆಡಿಲ್ಲ.

ಅಲ್ಲಿಂದ ಮುಂದೆ ಮಾವನ ಮನೆಯಲ್ಲಿ ನನಗೆ ಮರ್ಯಾದೆಯೇ ಬೇರೆ. "ದೊಡ್ಡಳಿಯ ಮೊದ್ಲೇ ಹೇಳ್ತು, ನಾವು ಕೇಳ್ಲಿಲ್ಲ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಮೊದಲ ಲೋಟದ ಕಾಫಿ ನನಗೆ ಬರತೊಡಗಿತು. ನನ್ನ ಹೆಂಡತಿ ನನ್ನ ಬೈಕಿನ ವೇಗದ ಬಗ್ಗೆ ಆಡುವುದನ್ನು ನಿಲ್ಲಿಸಿದಳು. ಸುಳ್ಳು ಹೇಳಲಾರೆ, ಮೊದಮೊದಲು ಆ ಕಾಫಿ ರುಚಿಯಾಗಿಯೇ ಇತ್ತು. ಇಷ್ಟು ವರ್ಷ ಕಾದದ್ದು ಕೊನೆಗೂ ಸಿಕ್ಕಿತಲ್ಲ ಎಂದು ಕುಡಿದಿದ್ದೇನೆ. ಅವನು ಪಕ್ಕದ ಕೋಣೆಯಲ್ಲಿ ಕಾಲಿಗೆ ಕಬ್ಬಿಣ ಹಾಕಿಸಿಕೊಂಡು ಮಲಗಿದ್ದ.

ಕಾಲು ಕೂಡಿಕೊಂಡಿತು, ಆದರೆ ಗಿಡ್ಡವಾಯಿತು. ಬೈಕು ಓಡಿಸುವುದು ಅಲ್ಲಿಗೆ ಮುಗಿಯಿತು. ಊರುಗೋಲು ಹಿಡಿದು ತೋಟಕ್ಕೆ ಹೋಗುತ್ತಿದ್ದ. ಇನ್ನು ಅವನ ಬಗ್ಗೆ ಹೊಟ್ಟೆ ಉರಿಸಿಕೊಳ್ಳಲು ಏನೂ ಉಳಿದಿಲ್ಲ ಎಂದು ನೀವು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಎದ್ದು ಓಡಾಡುವಂತಾದ ಮೇಲೆ ಅವನು ಒಂದು ಪದ್ಧತಿ ಇಟ್ಟುಕೊಂಡ. ಹೊತ್ತು ಇಳಿದ ಮೇಲೆ ಆ ಮನೆಯಿಂದ ಯಾರೇ ಗಾಡಿ ತೆಗೆದರೂ, ನೆಂಟರಿರಲಿ, ಹಾಲು ಹಾಕುವವನಿರಲಿ, ಗೂಡಿನ ದಲ್ಲಾಳಿಯಿರಲಿ, ಇವನು ಕೋಲೂರಿಕೊಂಡು ಬಂದು ಗಾಡಿಯ ಹಿಂದೆ ನಿಲ್ಲುತ್ತಾನೆ. "ಲೈಟ್ ಹಾಕಿ" ಎನ್ನುತ್ತಾನೆ. "ಬ್ರೇಕ್ ಹಿಡೀರಿ" ಎನ್ನುತ್ತಾನೆ. ಗಂಟು ಮೂಟೆ ಇದ್ದರೆ ಕೋಲಿನಿಂದ ಎತ್ತಿ ನೋಡುತ್ತಾನೆ. ಎಲ್ಲ ಸರಿಯಿದ್ದರೆ ಬೆನ್ನಿನ ಮೇಲೆ ಕೈಯಿಟ್ಟು, "ಕೆಂಪೈತೆ, ಹೊರಡಿ" ಎನ್ನುತ್ತಾನೆ. ಹಾಗೆ ಅನ್ನುವವರೆಗೆ ಯಾರೂ ಹೊರಡುವಂತಿಲ್ಲ.

ಯಾಕಪ್ಪ ಇದೆಲ್ಲ ಎಂದು ಮೊದಲ ಸಲ ಯಾರೋ ಕೇಳಿದಾಗ ನಾನೂ ಅಲ್ಲಿದ್ದೆ. "ಓಡ್ಸೋನ್ಗೆ ಹಿಂದ್ಲುದು ಕಾಣಲ್ವಲ್ಲಣ್ಣ" ಎಂದ. "ಅವತ್ತು ನನ್ ಗಾಡಿ ಹಿಂದೆ ಒಬ್ರು ನಿಂತ್ಕಂಡು ನೋಡಿದ್ದಿದ್ರೆ ಹೇಳೋರು. ಯಾರೂ ನಿಂತಿರ್ಲಿಲ್ಲ, ಅಷ್ಟೇ."

ನಾನು ಎದ್ದು ಹಿತ್ತಲಿಗೆ ಹೋಗಿ ಕಾಲು ತೊಳೆದುಕೊಂಡೆ. ತೊಳೆದ ಕಾಲನ್ನೇ ಮತ್ತೆ ತೊಳೆದೆ.

ಆ ಮಾತು ಊರಿಗೆಲ್ಲ ಹಬ್ಬಿತು. ಊರಿನ ಹುಡುಗರು ಸಂಜೆ ಗಾಡಿ ತೆಗೆಯುವಾಗ ಒಬ್ಬರಿಗೊಬ್ಬರು ಹಿಂದೆ ನಿಂತು "ಕೆಂಪೈತೆ ಕಣ್ಲಾ, ಹೊಂಡು" ಎನ್ನತೊಡಗಿದರು. ಪಕ್ಕದೂರಿಗೆ ಹೋಯಿತು. ಒಂದು ದಿನ ನನ್ನ ಅಂಗಡಿಗೇ ಒಬ್ಬ ಬಂದು, ಹಿಂದಿನ ದೀಪದ ಬಲ್ಬು ಕೇಳಿದ. ಹಿಂದಿನ ಬಲ್ಬು ಕೇಳಿಕೊಂಡು ಬರುವವರೇ ಅಪರೂಪ; ಮುಂದಿನದು ಹೋದರೆ ದಾರಿ ಕಾಣುವುದಿಲ್ಲ, ಹಿಂದಿನದು ಹೋದರೆ ತನಗೇನು ನಷ್ಟ ಎನ್ನುವವರೇ ಎಲ್ಲ. ಏನಪ್ಪ ವಿಶೇಷ ಅಂದೆ. "ಉಯ್ಯಂಬಳ್ಳಿ ಕಡೆ ಹೆಣ್ಣು ಕೊಟ್ಟಿದೀವಿ ಸಾರ್. ಅಲ್ಲೊಬ್ರು ಕುಂಟಣ್ಣ ಅವ್ರೆ. ಕೆಂಪು ಇಲ್ದಿದ್ರೆ ಊರಿಂದ ಈಚೆಗೇ ಬುಡಲ್ಲ" ಎಂದ. ನನ್ನ ಹೊಟ್ಟೆಯಲ್ಲಿ ಹಳೆಯ ಬೆಂಕಿ ಎದ್ದು ಕೂತಿತು. ಎಷ್ಟು ಕಾಲ ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಪುರಾಣ ಹೇಳಿದ್ದೇನೆ, ಒಬ್ಬನೂ ಕೇಳಲಿಲ್ಲ. ಇವನು ಎರಡು ಮಾತು ಹೇಳಿದ, ಹೋಬಳಿಯೇ ಹೇಳುತ್ತಿದೆ. ಅವನ ಕಾಲನ್ನು ಮುರಿಸಿದ ಮೇಲೂ ನಾನು ಅವನ ಬಗ್ಗೆ ಹೊಟ್ಟೆ ಉರಿಸಿಕೊಳ್ಳುತ್ತಿದ್ದೇನೆ ಎನ್ನುವುದು ಆ ಬಲ್ಬನ್ನು ಕಾಗದದಲ್ಲಿ ಸುತ್ತುವಾಗ ನನಗೆ ಹೊಳೆಯಿತು. ದುಡ್ಡು ಬೇಡವೆಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ ಬಲ್ಬು ತೆಗೆದುಕೊಂಡು ಹೋದ.

ಈಗ ಅಂಗಡಿಯಿಲ್ಲ. ಈಗಿನ ಗಾಡಿಗಳ ದೀಪಗಳನ್ನು ಬಿಚ್ಚುವುದು ನನಗೆ ಬಾರದು. ಹೊಸ ಹೆದ್ದಾರಿಗೆ ಬೈಕು ಬಿಡುವುದಿಲ್ಲವಾದ್ದರಿಂದ ಪಕ್ಕದ ರಸ್ತೆಯಲ್ಲಿ ನನ್ನ ಹಳೆಯ ಗಾಡಿ ಅದೇ ನಿಧಾನದಲ್ಲಿ ಹೋಗುತ್ತದೆ. ಕತ್ತಲಾದ ಮೇಲೆ ಹೊರಗೆ ಹೋಗಬೇಡಿ ಎಂದು ಮಗಳು ಫೋನಿನಲ್ಲಿ ದಿನಾ ಹೇಳುತ್ತಾಳೆ.

ಆದರೂ ಈ ಸಲ ಹಿರಿಯರ ಹಬ್ಬಕ್ಕೆ ಉಯ್ಯಂಬಳ್ಳಿ ಕಡೆಗೆ ಒಬ್ಬನೇ ಬೈಕಿನಲ್ಲಿ ಹೋದೆ. ಹೆಂಡತಿ ಮೊದಲೇ ಬಸ್ಸಿನಲ್ಲಿ ಹೋಗಿದ್ದಳು. ಮಾವ, ಅತ್ತೆ ಇಬ್ಬರೂ ಈಗ ಗೋಡೆಯ ಮೇಲಿನ ಫೋಟೋದಲ್ಲಿದ್ದಾರೆ. ಇವತ್ತು ಹೇಳಿಯೇ ಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಎಡೆ ಇಟ್ಟರು, ಊಟವಾಯಿತು. ಜಗಲಿಯ ಮೇಲೆ ಅವನೂ ನಾನೂ ಎಲೆ ಅಡಿಕೆ ಹಾಕಿಕೊಂಡು ಕೂತೆವು. ಅವನ ಕೋಲು ನಮ್ಮಿಬ್ಬರ ನಡುವೆ ಒರಗಿತ್ತು. ಕೋಲಿನ ತುದಿಗೆ ಕೆಂಪಗೆ ಹೊಳೆಯುವ ಸ್ಟಿಕ್ಕರು ಸುತ್ತಿದ್ದ.

"ಇದೇನು?" ಎಂದೆ.

"ಸಂಜೆ ರಸ್ತೇಲಿ ನಡೀವಾಗ ಹಿಂದ್ಲಿಂದ ಬರೋರ್ಗೆ ಕಾಣ್ಲಿ ಅಂತ. ನಿಮ್ ಅಂಗ್ಡೀದೇ ಅಣ್ಣ, ಹಳೇದು, ಅಕ್ಕ ಯಾವಾಗ್ಲೋ ತಂದ್ಕೊಟ್ಟಿದ್ರು." ನಕ್ಕ. "ನಾನೂ ಒಂದ್ ಗಾಡಿ ಅಲ್ವಾ ಈಗ. ನಿಮ್ ಸ್ಪೀಡೇ ಬಂದ್ಬುಡ್ತು ನಂಗೂ."

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬರುವುದಿಲ್ಲ. ಹೇಳಿದರೆ ಅವನು ಏನು ಮಾಡುತ್ತಾನೆ? ಬೈಯುವುದಿಲ್ಲ, ಅದು ನನಗೆ ಗೊತ್ತು. ಆ ಡ್ರೈವರನ್ನು ಬಿಟ್ಟ ಹಾಗೆ ನನ್ನನ್ನೂ ಬಿಟ್ಟುಬಿಡುತ್ತಾನೆ. ಅಷ್ಟು ಸುಲಭವಾಗಿ ಬಿಡಬಲ್ಲನಲ್ಲ ಎಂದು ಅದಕ್ಕೂ ನಾನು ಹೊಟ್ಟೆ ಉರಿಸಿಕೊಳ್ಳಬೇಕಾಗುತ್ತದೆ. ಎಲೆಯ ರಸ ಉಗುಳಿ ಬಂದೆ, ಮತ್ತೆ ಕೂತೆ, ಮಳೆಯ ಬಗ್ಗೆ ಕೇಳಿದೆ, ಹಿಪ್ಪುನೇರಳೆ ಸೊಪ್ಪಿನ ಬಗ್ಗೆ ಕೇಳಿದೆ.

"ಅಣ್ಣ, ಹೊತ್ತಿಳೀತಾ ಐತೆ" ಎಂದ ಅವನೇ. "ಇಲ್ಲೇ ಉಳ್ಕಳಿ ಅಂದ್ರೆ ಉಳ್ಕಳಲ್ಲ ನೀವು. ಹಂಗಾರೆ ಬೇಗ ಹೊರಡಿ."

ನನ್ನ ಹೆಂಡತಿ ತಂಗಿಯ ಜೊತೆ ಇನ್ನೊಂದು ದಿನ ಇರುತ್ತೇನೆಂದಳು. ನಾನು ಬೈಕು ಹತ್ತಿ ಚಾಲೂ ಮಾಡಿದೆ. ಅವನು ಕೋಲೂರಿಕೊಂಡು ಹಿಂದೆ ಬಂದು ನಿಂತ. ಸದ್ದಿನಲ್ಲೇ ಗೊತ್ತಾಯಿತು, ಒಂದು ಹೆಜ್ಜೆ ಭಾರ, ಒಂದು ಹಗುರ.

"ಲೈಟ್ ಹಾಕಿ."

ಹಾಕಿದೆ.

"ಬ್ರೇಕ್ ಹಿಡೀರಿ."

ಹಿಡಿದೆ. ನನ್ನ ಟವಲ್ಲು ಸೀಟಿನ ಹಿಂದೆ ಜೋತುಬಿದ್ದಿತ್ತೇನೋ, ಅದನ್ನು ಅವನು ಎತ್ತಿ ಮಡಿಸಿ ಸಿಕ್ಕಿಸಿದ. ಅಂಗೈ ಅಗಲದ ಬಟ್ಟೆ ದೀಪದ ಮೂಲೆಗೆ ಬಿದ್ದಿದ್ದರೂ ಅವನಿಗೆ ಕಾಣುತ್ತದೆ.

"ಒಂದ್ ಮಾತು..." ಎಂದೆ, ತಿರುಗದೆಯೇ. ಇಂಜಿನ್ನಿನ ಸದ್ದಿನಲ್ಲಿ ಅರ್ಧ ಮುಳುಗಿತು.

"ಏನಣ್ಣ?"

"ಏನಿಲ್ಲ."

ಅವನ ಕೈ ನನ್ನ ಬೆನ್ನಿನ ಮೇಲೆ ಬಿತ್ತು. "ಕೆಂಪೈತೆ, ಹೊರಡಿ."

ಹೊರಟೆ. ತಿರುವಿನವರೆಗೂ ಕನ್ನಡಿಯಲ್ಲಿ ಅವನು ಕಾಣುತ್ತಿದ್ದ. ಆಮೇಲೆ ಕೋಲಿನ ತುದಿಯ ಕೆಂಪು ಚುಕ್ಕೆ ಮಾತ್ರ ಕಂಡಿತು, ಆಮೇಲೆ ಅದೂ ಇಲ್ಲ.

ಈ ಕಾಗದಗಳನ್ನು ಹರಡಿಕೊಂಡು ಕೂತಿರುವುದನ್ನು ನೋಡಿ ಈಗ ತಾನೆ ನನ್ನ ಹೆಂಡತಿ ಕೇಳಿದಳು, "ಏನ್ರೀ ಅದು ಬರೀತಾ ಇರೋದು?"

"ರಾತ್ರಿ ಹೊತ್ತು ಗಾಡಿ ಓಡ್ಸೋದ್ರ ಬಗ್ಗೆ."

"ಅದ್ನ ಯಾರು ಓದ್ತಾರೆ?"

ಅವಳು ಓದುತ್ತಾಳೆ. ಆ ನಗುವಿಗೆ ನಾನು ಕೊಟ್ಟ ಬೆಲೆ ಏನೆಂದು ಅವಳಿಗೂ ತಿಳಿಯಲಿ. ಅವನೂ ಓದುತ್ತಾನೆ, ಬಜ್ಜಿ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದುವವನು ಅವನು. ಮುಖ ನೋಡಿಕೊಂಡು ಹೇಳಲಾಗದ್ದನ್ನು ಹೀಗೆ ಬೆನ್ನು ತಿರುಗಿಸಿಕೊಂಡು ಹೇಳುತ್ತಿದ್ದೇನೆ. ನನ್ನ ಹಿಂದೆ ನಿಂತು ಕೇಳಿಸಿಕೋ. ಯಾರೂ ನಿಂತಿರಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆಯಲ್ಲ, ಅದು ಸರಿಯಲ್ಲ. ಅವತ್ತು ನಿನ್ನ ಗಾಡಿಯ ಹಿಂದೆ ನಾನು ನಿಂತಿದ್ದೆ. ಕೆಂಪು ಇರಲಿಲ್ಲ. ನಾನು ನೋಡಿದ್ದೆ, ಪುಟ್ಟಸ್ವಾಮಿ.